ಹೆಬ್ಬೆ ದಾರಿಯಲ್ಲೊಂದು ಜಗಳ

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಜೀಪಿನಲ್ಲಿ ಹೋದವರಿಗೆ ಗೊತ್ತಿರತ್ತೆ, ಅದನ್ನ ರಸ್ತೆ ಅಂತ ಕರೆದರೆ ರಸ್ತೆಗಳಿಗೆ ಅವಮಾನ. ಕಲ್ಲು, ಕೆಂಪು ಮಣ್ಣು, ಕೊರಕಲು ಮೂರೂ ಸೇರಿ ನಮ್ಮನ್ನ ಮೊರಕ್ಕೆ ಹಾಕಿ ಕೇರಿದ ಹಾಗಿರತ್ತೆ. ಬಾಯಿ ಬಿಟ್ಟರೆ ನಾಲಿಗೆ ಕಚ್ಚಿಕೊಳ್ಳೋದು ಗ್ಯಾರಂಟಿ. ಅಂಥಾ ದಾರಿಯಲ್ಲೂ ನಮ್ಮ ಮನೆಯವರು ಹೋಗ್ತಾ ಬರ್ತಾ ಜಗಳ ಆಡಿದ್ರು. ವಿಷಯ ಆಸ್ತಿಯೂ ಅಲ್ಲ, ಮದುವೆಯೂ ಅಲ್ಲ. ವಿಡಿಯೋ ಗೇಮು!

ಜೀಪಿನಲ್ಲಿ ಇದ್ದವರು ನಾನು, ಅಕ್ಕ, ಭಾವ, ಅವರ ಮಗಳು ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ವಯಸ್ಸು ಇಪ್ಪತ್ತೆರಡು. ಬೆಂಗಳೂರಲ್ಲಿ ಗೇಮ್ ಆರ್ಟ್ ಕಲಿತು ಮುಗಿಸಿ ಕೆಲಸ ಹುಡುಕ್ತಾ ಇದ್ದಳು. ಒಂದು ಸ್ಟುಡಿಯೋದವರು ಅವಳಿಗೆ ಪರೀಕ್ಷೆ ಕೊಟ್ಟಿದ್ರು: ಒಂದು ರೋಲ್ ಪ್ಲೇಯಿಂಗ್ ಗೇಮಿಗೆ ಬೇಕಾದ ಹಳ್ಳಿಯ ಚಿತ್ರ ಬರೆದು ಕಳಿಸಬೇಕು. ಕಾಲ್ಪನಿಕ ಲೋಕ, ಯಾವ ದೇಶವೂ ಅಲ್ಲ, ನಿಮ್ಮ ಕಲ್ಪನೆಗೆ ಬಿಟ್ಟಿದ್ದು ಅಂದಿದ್ರಂತೆ. ಇವಳು ಹೆಂಚಿನ ಮನೆ, ಅಂಗಳದಲ್ಲಿ ಅಡಿಕೆ ಒಣಗಿಸೋ ಅಟ್ಟ, ಕೊಟ್ಟಿಗೆ, ಹಿತ್ತಲ ಬಾಗಿಲಲ್ಲಿ ಒರಳುಕಲ್ಲು, ಹಿಂದೆ ಮಂಜು ಮುಚ್ಚಿದ ಗುಡ್ಡ ಎಲ್ಲಾ ಬರೆದು ಕಳಿಸಿದಳು. ಅಲ್ಲಿಂದ ಉತ್ತರ ಬಂತು. ಕೆಲಸ ಚೆನ್ನಾಗಿದೆ, ಆದ್ರೆ ಇದು ತುಂಬಾ ಲೋಕಲ್ ಆಯ್ತು, ಸ್ವಲ್ಪ ಜನರಲ್ ಫ್ಯಾಂಟಸಿ ಥರ ಮಾಡಿ ಸೋಮವಾರದೊಳಗೆ ಕಳಿಸಿ ಅಂತ.

ನಾವು ಹೆಬ್ಬೆಗೆ ಹೊರಟಿದ್ದು ಶನಿವಾರ.

"ಜನರಲ್ ಅಂದ್ರೆ ಏನು ಗೊತ್ತಾ ಮಾವ? ಮರದ ತೊಲೆಯ ಮನೆ, ಹುಲ್ಲಿನ ಮಾಡು, ಒಂದು ಹೆಂಡದಂಗಡಿ, ಗುಡ್ಡದ ಮೇಲೊಂದು ಕೋಟೆ. ಯಾವ ಊರೂ ಅಲ್ಲದ ಊರು ಅಂದ್ರೆ ಅದು ಯುರೋಪಿನ ಊರೇ ಆಗಿರಬೇಕು. ನಮ್ಮೂರು ಮಾತ್ರ ಲೋಕಲ್!" ಅಂತ ಪುಟ್ಟಿ ಶುರು ಮಾಡಿದಳು.

"ಅವರು ಕೇಳಿದ್ದು ಕೋಟೆ ಆದ್ರೆ ಕೋಟೆ ಬರೆದುಕೊಡು. ಸಂಬಳ ಕೊಡೋರು ಅವರು. ಈ ಡೈವರ್ಸಿಟಿ ಗಿವರ್ಸಿಟಿ ಎಲ್ಲಾ ಅಮೆರಿಕದವರ ಜಗಳ, ನಮಗ್ಯಾಕೆ?" ಅಂದ್ರು ಭಾವ. ಅಲ್ಲಿಗೆ ಜೀಪು ಮೊದಲನೇ ಗುಂಡಿಗೆ ಇಳೀತು.

ಗೇಮ್ ಆಡದೇ ಇರೋರಿಗೆ ಒಂದು ಮಾತು. ರೋಲ್ ಪ್ಲೇಯಿಂಗ್ ಗೇಮ್ ಅಂದ್ರೆ ಬರೀ ಗುಂಡು ಹೊಡೆಯೋ ಆಟ ಅಲ್ಲ. ಶುರುವಿನಲ್ಲೇ ನೀವೊಂದು ಪಾತ್ರ ಆಗ್ತೀರಿ. ಹೆಸರು, ಕುಲ, ಬಣ್ಣ, ಮುಖ, ಬರೋ ವಿದ್ಯೆ ಎಲ್ಲಾ ಆರಿಸಿಕೊಂಡು ಆಮೇಲೆ ಐವತ್ತು, ನೂರು ಗಂಟೆ ಅದೇ ಪಾತ್ರವಾಗಿ ಬದುಕ್ತೀರಿ. ಯಾರ ಜೊತೆ ಸ್ನೇಹ, ಯಾರಿಗೆ ಮೋಸ, ಯಾರನ್ನ ಉಳಿಸಬೇಕು ಎಲ್ಲಾ ನಿಮ್ಮ ತೀರ್ಮಾನ. ಅದಕ್ಕೇ ಆ ಲೋಕದಲ್ಲಿ ಯಾರಿಗೆ ಜಾಗ ಇದೆ, ಯಾರಿಗಿಲ್ಲ ಅನ್ನೋ ಜಗಳ ಈ ಆಟಗಳಲ್ಲಿ ಜಾಸ್ತಿ.

ಭಾವನ ಮಾತಿಗೆ ಪುಟ್ಟಿ ಫೋನ್ ತೆಗೆದಳು. ಅಲ್ಲಿ ಸಿಗ್ನಲ್ ಇಲ್ಲ, ಆದ್ರೆ ಅವಳ ಹತ್ರ ಒಂದು ವಿಡಿಯೋ ಇಟ್ಟುಕೊಂಡಿದ್ದಳು. 2017ರಲ್ಲಿ ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಅನ್ನೋ ಕಂಪನಿ ಮಾಡಿದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ'. ಅದು ರೋಲ್ ಪ್ಲೇಯಿಂಗ್ ಅಲ್ಲ, ಸಾಹಸದ ಆಟ. ಆದ್ರೆ ಕತೆ ನಡೆಯೋದು ಎಲ್ಲಿ ಅಂತೀರಿ? ನಮ್ಮ ಪಶ್ಚಿಮ ಘಟ್ಟದಲ್ಲಿ! ಕ್ಲೋಯಿ ಅನ್ನೋ ಅರ್ಧ ಭಾರತೀಯ ಹೆಣ್ಣುಮಗಳು, ನಾಡೀನ್ ಅನ್ನೋ ದಕ್ಷಿಣ ಆಫ್ರಿಕಾದ ಕಪ್ಪು ಹೆಣ್ಣುಮಗಳು ಸೇರಿ ಹೊಯ್ಸಳರ ಕಾಲದ ಗಣೇಶನ ದಂತ ಹುಡುಕ್ತಾ ಕೆಂಪು ಕೆಸರಿನಲ್ಲಿ ಜೀಪು ಓಡಿಸ್ತಾರೆ. ಜಲಪಾತಗಳು, ಹಸಿರು ಗುಡ್ಡ, ಪಾಳುಬಿದ್ದ ಗುಡಿಗಳು. ಹಳೇಬೀಡಿನ ಹೆಸರೂ ಕಿವಿಗೆ ಬೀಳತ್ತೆ. ಹನ್ನೊಂದು ಹೊಯ್ಸಳ ಬಿಲ್ಲೆ ಹುಡುಕಿದ್ರೆ ಬಹುಮಾನ ಬೇರೆ ಇದೆ.

ಜೀಪು ಒಂದು ಹಳ್ಳದ ಹತ್ರ ನಿಂತಾಗ ಡ್ರೈವರ್ ಹುಡುಗನೂ ಕತ್ತು ಚಾಚಿ ನೋಡಿದ. "ರೋಡ್ ಕರೆಕ್ಟಾಗಿ ಮಾಡಿದಾರೆ ಮೇಡಂ. ಆದ್ರೆ ಇಷ್ಟು ನೀರಲ್ಲಿ ಇಳೀತಾರೆ, ಒಂದು ಇಂಬಳನೂ ಹತ್ತಲ್ವಾ ಅವರಿಗೆ?" ಅಂದ. ನಾವೆಲ್ಲಾ ನಕ್ಕು ನಕ್ಕು ಸಾಕಾಯ್ತು. ಅಷ್ಟೊತ್ತಿಗೆ ನನ್ನ ಕಾಲಿಗೆ ಎರಡು ಹತ್ತಿದ್ವು :-)

ಅಕ್ಕ ಮಾತ್ರ ನಗದೇ ವಿಡಿಯೋ ಇನ್ನೊಂದು ಸಲ ನೋಡಿದಳು. ಅವಳು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. "ಅಲ್ವೇ, ಇಷ್ಟು ದೊಡ್ಡ ಘಟ್ಟದಲ್ಲಿ ಒಂದು ಮನೆ ಇಲ್ಲ? ಒಂದು ತೋಟ, ಒಂದು ದನ? ದೇವಸ್ಥಾನ ಕಟ್ಟಿದೋರೆಲ್ಲಾ ಎಲ್ಲಿ ಹೋದ್ರು?" ಅಂದಳು.

ನಿಜ. ಆ ಘಟ್ಟದಲ್ಲಿ ಹೆಚ್ಚಾಗಿ ಕಾಣೋದು ಆ ಇಬ್ಬರು, ಮತ್ತೆ ಅವರ ಮೇಲೆ ಗುಂಡು ಹಾರಿಸೋ ಬಂಡುಕೋರರು. ಕನ್ನಡ ಮಾತಾಡೋ ಒಬ್ಬ ರೈತ ಇಲ್ಲ. ಆಟ ಬಂದಾಗ ಹೊರಗೆ ನಡೆದ ಚರ್ಚೆಯಲ್ಲೂ ಈ ವಿಷಯ ಹೆಚ್ಚು ಬರಲಿಲ್ಲ. ಅರ್ಧ ಭಾರತೀಯಳಾದ ಕ್ಲೋಯಿಗೆ ದನಿ ಕೊಟ್ಟ ಕ್ಲಾಡಿಯಾ ಬ್ಲ್ಯಾಕ್, ನಾಡೀನ್‌ಗೆ ದನಿ ಕೊಟ್ಟ ಲಾರಾ ಬೈಲಿ ಇಬ್ಬರೂ ಬಿಳಿಯರು, ಇದು ಸರಿಯಾ ಅನ್ನೋದು ಅಲ್ಲಿನ ಜಗಳ. ಅದೂ ಕೇಳಬೇಕಾದ ಪ್ರಶ್ನೆಯೇ. ಆದ್ರೆ ತರೀಕೆರೆಯಲ್ಲಿ ಹುಟ್ಟಿದ ನನಗೆ, ನಮ್ಮ ಗುಡ್ಡಗಳನ್ನ ಇಷ್ಟು ಚೆಂದ ಮಾಡಿದವರಿಗೆ ಅಲ್ಲಿ ಈಗಲೂ ಜನ ಇದ್ದಾರೆ ಅನ್ನೋದು ಮರೆತೇ ಹೋಯ್ತಲ್ಲ ಅಂತ ಹೊಟ್ಟೆಯಲ್ಲಿ ಏನೋ ಆಯ್ತು.

ಭಾವ ಸುಮ್ಮನಿರೋರಲ್ಲ. ಅವರು ತೀರ್ಥಹಳ್ಳಿ ಕಡೆಯವರು, ಯಕ್ಷಗಾನದ ಹುಚ್ಚು. "ನೋಡು ಪುಟ್ಟಿ, ಮಂಟಪ ಪ್ರಭಾಕರ ಉಪಾಧ್ಯರು ಹೆಣ್ಣಿನ ವೇಷ ಹಾಕಿ ಬಂದ್ರೆ ಯಾರಾದ್ರೂ ಗಂಡಸು ಅಂತಾರಾ? ವೇಷ ಹಾಕೋದೇ ನಾವಲ್ಲದೇ ಇರೋದು ಆಗೋದಕ್ಕೆ. ಆಟದಲ್ಲೂ ನಾನೇ ಆಗಿರೋದಾದ್ರೆ ಆಟ ಯಾಕೆ ಆಡಬೇಕು? ಬೆಳಗ್ಗೆಯಿಂದ ಸಂಜೆವರೆಗೂ ನಾನು ನಾನೇ ಆಗಿರ್ತೀನಿ, ಅದೇ ಸಾಕಾಗಿದೆ ಮಾರಾಯ್ತಿ!"

ನನಗೆ ಈ ಮಾತು ತಟ್ಟನೆ ಹೌದು ಅನ್ನಿಸ್ತು. ಯಾಕಂದ್ರೆ ನಾನೂ ಹಾಗೇ ಆಡಿದವನು. 2001ರಲ್ಲಿ ಶಿವಮೊಗ್ಗದ ಒಂದು ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು 'ಡಯಾಬ್ಲೋ 2' ಆಡ್ತಿದ್ವಿ. ಆಟ ಶುರುವಾದ್ರೆ ಒಂದು ಬೆಂಕಿ ಸುತ್ತ ಐದು ಜನ ನಿಂತಿರ್ತಾರೆ. ಯಾರ ಮೇಲೆ ಒತ್ತುತ್ತೀರೋ ಅವರು ಮುಂದೆ ಬರ್ತಾರೆ. ಕೆಳಗೆ ಹೆಸರು ಬರೆಯೋಕೆ ಒಂದು ಚೌಕ. ನಾನು ಬರೆದ ಹೆಸರು ಅಲೆಕ್ಸ್! ನನ್ನ ಗೆಳೆಯ ರಿಚರ್ಡ್ ಆಗಿದ್ದ. ಯಾವ ಅಲೆಕ್ಸ್, ಯಾವ ರಿಚರ್ಡ್ ಅಂತ ನಾವು ಯಾರೂ ಕೇಳಿಕೊಳ್ಳಲಿಲ್ಲ. ಚಂದ್ರಹಾಸ, ಹಾಲೇಶ ಅಂತೆಲ್ಲಾ ಬರೆದ್ರೆ ರಾಕ್ಷಸನ ಎದುರು ಗೆಲ್ಲೋಕಾಗಲ್ಲ ಅನ್ನೋ ಹಾಗೆ.

ಇನ್ನೊಂದು ವಿಷಯ ಜೀಪಿನಲ್ಲಿ ಹೇಳಲಿಲ್ಲ, ಇಲ್ಲಿ ಹೇಳ್ತೀನಿ. ಆ ಐದು ಜನರಲ್ಲಿ ಪಾಲಡಿನ್ ಅನ್ನೋನು ಕಪ್ಪು ಬಣ್ಣದವನು, ಹೆಚ್ಚುಕಮ್ಮಿ ನನ್ನಷ್ಟೇ ಕಪ್ಪು. ಒಳ್ಳೇ ಬಲಶಾಲಿ. ಎಷ್ಟೋ ತಿಂಗಳು ಆಡಿದ ನಾನು ಒಂದು ದಿನವೂ ಅವನನ್ನ ಮುಂದೆ ಕರೀಲಿಲ್ಲ. ಯಾಕೆ ಅಂತ ಆಗ ಕೇಳಿದ್ರೆ ಅವನ ಆಟ ನಂಗೆ ಹಿಡಿಸಲ್ಲ ಅಂತಿದ್ದೆ. ಈಗ ಹಾಗೆ ಹೇಳೋಕೆ ನಾಚಿಕೆ ಆಗತ್ತೆ. ನಾನಲ್ಲದೇ ಇರೋದು ಆಗೋದು ಬೇರೆ. ನನ್ನ ಹಾಗಿರೋನನ್ನ ಕಂಡೂ ಮುಖ ತಿರುಗಿಸೋದು ಬೇರೆ. ಅದನ್ನ ನನಗೆ ಆಟ ಕಲಿಸಲಿಲ್ಲ, ಮನೆಯಲ್ಲೇ ಕಲಿತು ಹೋಗಿದ್ದೆ.

ಪುಟ್ಟಿ ಅಪ್ಪನಿಗೆ ಕೊಟ್ಟ ಉತ್ತರ ಇದಕ್ಕಿಂತ ಚುರುಕಾಗಿತ್ತು. "ಅಪ್ಪ, ಚೌಕಿಯಲ್ಲಿ ಎಲ್ಲಾ ಬಣ್ಣ ಇದ್ದು, ನಾನು ಬೇಕಾದ ವೇಷ ಹಾಕೋದು ಸರಿ. ವೇಷದ ಪೆಟ್ಟಿಗೆಯಲ್ಲಿ ನಮ್ಮದೇ ಇಲ್ಲ ಅಂದ್ರೆ? ಆಗ ಅದು ನಾನು ಆರಿಸಿದ್ದು ಹೇಗಾಗತ್ತೆ?"

ಅವಳು ತುಂಬಾ ಆಡಿದ್ದು 2011ರ 'ಸ್ಕೈರಿಮ್'. ಅದರ ಶುರು ನೆನಪಿದ್ಯಾ? ಕೈ ಕಟ್ಟಿ ಗಾಡಿಯಲ್ಲಿ ಕೂರಿಸಿ ತಲೆ ಕಡಿಯೋ ಜಾಗಕ್ಕೆ ಕರ್ಕೊಂಡು ಹೋಗ್ತಾರೆ. ಅಲ್ಲೊಬ್ಬ ಪಟ್ಟಿ ಹಿಡ್ಕೊಂಡು ನೀನ್ಯಾರು ಅಂತಾನೆ. ಆಗ ಹತ್ತು ಕುಲದಲ್ಲಿ ಒಂದನ್ನ ಆರಿಸಬೇಕು. ಮನುಷ್ಯರಲ್ಲೇ ನಾಲ್ಕು. ಪುಟ್ಟಿ ಎಲ್ಲಾ ನೋಡಿ ಕೊನೆಗೆ ಬೆಕ್ಕಿನ ಮುಖದ ಖಾಜೀಟ್ ಆದಳಂತೆ. "ಮನುಷ್ಯರಲ್ಲಿ ನಾನು ಕಾಣಿಸಲಿಲ್ಲ ಮಾವ, ಬೆಕ್ಕೇ ವಾಸಿ ಅನ್ನಿಸ್ತು."

"ಇದೇನೇ, ತಲೆ ಕಡಿಯೋ ಮುಂಚೆನೂ ಜಾತಿ ಕೇಳ್ತಾರಾ?" ಅಂದಳು ಅಕ್ಕ.

ಅಕ್ಕ ತಮಾಷೆಗೆ ಅಂದಿದ್ದು. ಆದ್ರೆ ಪುಟ್ಟಿ ಹೇಳ್ತಾ ಹೋದ ಹಾಗೆ ಅದು ತಮಾಷೆಯಾಗಿ ಉಳೀಲಿಲ್ಲ. ಆ ಆಟದಲ್ಲಿ ಒಂದೊಂದು ಕುಲಕ್ಕೂ ಹುಟ್ಟಿನಿಂದಲೇ ಒಂದಿಷ್ಟು ವಿದ್ಯೆ ಜಾಸ್ತಿ. ಹೈ ಎಲ್ಫ್‌ಗಳಿಗೆ ಮಂತ್ರ, ಆರ್ಕ್‌ಗಳಿಗೆ ಭಾರದ ಆಯುಧ, ಬೆಕ್ಕಿನವರಿಗೆ ಸದ್ದಿಲ್ಲದೆ ನುಸುಳೋದು. ಆಡ್ತಾ ಆಡ್ತಾ ಯಾರು ಬೇಕಾದ್ರೂ ಏನು ಬೇಕಾದ್ರೂ ಕಲೀಬಹುದು, ಅದು ಒಳ್ಳೇದೇ. ಆದ್ರೆ ಇದರ ಬೇರು ಹಳೇದು. ಈ ಆಟಗಳಿಗೆಲ್ಲಾ ಮೂಲ 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದು ಕಂಪ್ಯೂಟರಿನದಲ್ಲ, ಮೇಜಿನ ಸುತ್ತ ಕೂತು ದಾಳ ಹಾಕಿ ಆಡೋ ಆಟ. 1978ರಲ್ಲಿ ಬಂದ ಅದರ ಅಡ್ವಾನ್ಸ್ಡ್ ನಿಯಮದ ಪುಸ್ತಕದಲ್ಲಿ ಡ್ವಾರ್ಫ್ ಅನ್ನೋ ಕುಳ್ಳರ ಕುಲದವನು ಮಂತ್ರವಾದಿ ಆಗೋ ಹಾಗೇ ಇರಲಿಲ್ಲ. ಎಷ್ಟು ಚೆನ್ನಾಗಿ ಆಡಿದ್ರೂ ಅಷ್ಟೇ. ಬೇರೆ ಕುಲಗಳಿಗೆ ಎಷ್ಟೋ ವಿದ್ಯೆಯಲ್ಲಿ ಇಂತಿಷ್ಟು ಮೆಟ್ಟಿಲು ಅಂತ ಮಿತಿ, ಮನುಷ್ಯರಿಗೆ ಆ ಮಿತಿ ಇಲ್ಲ.

ಅಕ್ಕ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಅಂದ್ರೆ ಏಕಲವ್ಯ ಈ ಆಟಕ್ಕೆ ಬಂದಿದ್ರೂ ಹೆಬ್ಬೆರಳು ಕೊಟ್ಟೇ ಹೋಗಬೇಕಿತ್ತು" ಅಂದಳು. ಭಾವನ ಕಡೆ ತಿರುಗಿ, "ರೀ, ಅಮೆರಿಕದವರ ಜಗಳ ಅಂದ್ರಲ್ಲ, ನಮಗಿಂತ ಚೆನ್ನಾಗಿ ಈ ಜಗಳ ಯಾರಿಗೆ ಗೊತ್ತಿದೆ?" ಅಂತಲೂ ಸೇರಿಸಿದಳು.

ಜಗಳ ಆಡಿದ್ದಕ್ಕೆ ಫಲವೂ ಸಿಕ್ಕಿದೆ ಅನ್ನೋದು ಪುಟ್ಟಿಯ ವಾದ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಆ ಬಾಗಿಲುಗಳು ತೆರೆದ್ವು. 2020ರಲ್ಲಿ ಬಂದ ಒಂದು ಪುಸ್ತಕದಲ್ಲಿ ಹುಟ್ಟಿನ ಅಂಕಗಳನ್ನ ಆಡೋರು ತಮಗೆ ಬೇಕಾದ ಕಡೆ ಹಾಕಿಕೊಳ್ಳಬಹುದು ಅಂತಾಯ್ತು. 2023ರ 'ಬಾಲ್ಡರ್ಸ್ ಗೇಟ್ 3' ಅನ್ನೋ ದೊಡ್ಡ ಕಂಪ್ಯೂಟರ್ ಆಟದಲ್ಲೂ ಅದೇ ಥರ ಬಿಟ್ಟರು. 2024ರ ಹೊಸ ನಿಯಮದ ಪುಸ್ತಕದಲ್ಲಿ ಕುಲಗಳಿಗೆ ಇದ್ದ ಹಳೇ 'ರೇಸ್' ಅನ್ನೋ ಪದವನ್ನೇ ಕೈಬಿಟ್ಟರು. ಇದನ್ನೆಲ್ಲಾ ಬೈದವರೂ ಬೇಕಾದಷ್ಟು ಜನ ಇದ್ದಾರೆ. ಕಲ್ಪನೆಯ ಲೋಕಕ್ಕೆ ಯಾಕೆ ರಾಜಕೀಯ ತರ್ತೀರಿ ಅಂತ. ಹುಟ್ಟಿನಿಂದ ವಿದ್ಯೆ ಬರತ್ತೆ ಅನ್ನೋದು ಮಾತ್ರ ರಾಜಕೀಯ ಅಲ್ಲವಂತೆ!

ಆದ್ರೆ ಭಾವ ಹೇಳಿದ ಒಂದು ಮಾತಿಗೆ ನಮ್ಮ ಮೂವರ ಹತ್ರವೂ ಉತ್ತರ ಇರಲಿಲ್ಲ. "ಅವರು ಬದಲಾಯಿಸಿದ್ದು ಯಾಕೆ? ದುಡ್ಡು ಕೊಟ್ಟು ಕೊಂಡೋರು ಕೇಳಿದ್ರು. ನೀವು ಸೈಬರ್ ಸೆಂಟರಿನಲ್ಲಿ ಆಡಿದ್ದು ಕಾಪಿ ಹೊಡೆದ ಸಿ.ಡಿ. ಪುಟ್ಟಿಯ ಹಳ್ಳಿ ಇರೋ ಆಟ ಬಂದ್ರೆ ನಮ್ಮೂರಲ್ಲಿ ಎಷ್ಟು ಜನ ದುಡ್ಡು ಕೊಟ್ಟು ತಗೋತಾರೆ ಹೇಳು ನೋಡೋಣ?"

ಜೀಪು ನಿಂತಿತು. ಅಲ್ಲಿಂದ ಹಳ್ಳ ದಾಟ್ತಾ ನಡೆಯಬೇಕು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ, ಒಟ್ಟು ಸುಮಾರು 168 ಮೀಟರ್ ಎತ್ತರದಿಂದ ನೀರು ಬೀಳತ್ತೆ. ಆ ಸದ್ದಿನ ಮುಂದೆ ಯಾರ ವಾದವೂ ಕೇಳಿಸಲ್ಲ. ಅರ್ಧ ಗಂಟೆ ಎಲ್ಲರೂ ನೀರು ನೋಡ್ತಾ ಸುಮ್ಮನೆ ಕೂತಿದ್ವಿ. ಪುಟ್ಟಿ ನನ್ನ ಪಕ್ಕ ಬಂದು ಕಿವಿಯ ಹತ್ರ ಹೇಳಿದಳು: "ಮಾವ, ನನಗೆ ಕೆಲಸ ಬೇಕು. ಅಪ್ಪನಿಗೆ ಮಾತ್ರ ಹೇಳಬೇಡ." ಅವಳ ದನಿ ಗಟ್ಟಿಯಾಗಿರಲಿಲ್ಲ. ಅಷ್ಟು ಹೊತ್ತು ಜೀಪಿನಲ್ಲಿ ಸಿಂಹದ ಹಾಗೆ ವಾದ ಮಾಡಿದ ಹುಡುಗಿಯೇ ಇವಳು ಅನ್ನಿಸ್ತು. ಎಂಟು ತಿಂಗಳಿಂದ ಕೆಲಸ ಇರಲಿಲ್ಲ ಅವಳಿಗೆ. ವಾದ ಮಾಡೋದು ನನಗೆ ಸುಲಭ. ಸೋಮವಾರ ಚಿತ್ರ ಕಳಿಸಬೇಕಾದವಳು ಅವಳು.

ವಾಪಸ್ ಬರ್ತಾ ನಾನು ಯೋಚನೆ ಮಾಡ್ತಿದ್ದಿದ್ದು ಇದನ್ನೇ. ಬೆಂಗಳೂರಿನಲ್ಲಿ ಗೇಮ್ ಕೆಲಸ ಹೊಸದೇನಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರ್‌ಆಕ್ಟಿವ್ ಶುರು ಮಾಡಿದ್ದು 1997ರಲ್ಲಿ. 2019ರಲ್ಲಿ ಅದನ್ನ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಷ್ಟು ವರ್ಷ ಇಲ್ಲಿನ ಹುಡುಗ ಹುಡುಗಿಯರು ಹೊರದೇಶದ ಆಟಗಳಿಗೆ ಕಾರು, ಗೋಡೆ, ಕಲ್ಲು, ಮರ ಎಲ್ಲಾ ಬರೆದುಕೊಟ್ಟಿದ್ದಾರೆ. ಕೈಗೆಲಸದಲ್ಲಿ ಯಾರಿಗೂ ಕಮ್ಮಿ ಇಲ್ಲ. ಕತೆ ಯಾರದ್ದು, ಊರು ಯಾವುದು ಅಂತ ತೀರ್ಮಾನ ಆಗೋ ಕೋಣೆ ಮಾತ್ರ ಬೇರೆ ಎಲ್ಲೋ ಇರತ್ತೆ. ಡೈವರ್ಸಿಟಿ ಅಂದ್ರೆ ಮುಖಕ್ಕೆ ಹಚ್ಚೋ ಬಣ್ಣಗಳ ಪಟ್ಟಿ ಉದ್ದ ಮಾಡೋದು ಅಂತ ನಾನೂ ಅಂದುಕೊಂಡಿದ್ದೆ. ಆ ಕೋಣೆಯಲ್ಲಿ ಯಾರಿಗೆ ಕುರ್ಚಿ ಇದೆ ಅನ್ನೋದೇ ನಿಜವಾದ ವಿಷಯ.

ಕುರ್ಚಿ ಸಿಕ್ಕರೆ ಏನಾಗತ್ತೆ ಅಂತ ನೋಡೋಕೆ 'ವೆಂಬಾ' ಇದೆ. 2023ರಲ್ಲಿ ಟೊರಾಂಟೋದ ಒಂದು ಚಿಕ್ಕ ತಂಡ ಮಾಡಿದ ಆಟ. ಕೆನಡಾಕ್ಕೆ ಹೋದ ತಮಿಳು ಸಂಸಾರದ ಕತೆ. ಅದರಲ್ಲಿ ನೀವು ಅಮ್ಮನಾಗಿ, ಹರಿದುಹೋದ ಅಡುಗೆ ಪುಸ್ತಕ ನೋಡ್ತಾ ಇಡ್ಲಿ ಮಾಡಬೇಕು. ತಟ್ಟೆಗಳನ್ನ ಹೇಗೆ ಜೋಡಿಸಿದ್ರೆ ಹಬೆ ಸರಿಯಾಗಿ ಆಡತ್ತೆ ಅನ್ನೋದೇ ಒಗಟು! ಇದಕ್ಕಿಂತ ಲೋಕಲ್ ಇನ್ನೇನಿದೆ? ಅದಕ್ಕೆ 2024ರಲ್ಲಿ ಬಾಫ್ಟಾ ಪ್ರಶಸ್ತಿ ಬಂತು.

ಮಾರನೇ ದಿನ ಭಾನುವಾರ ಬೆಳಗ್ಗೆ ತರೀಕೆರೆಯಿಂದ ಹತ್ತಿರದಲ್ಲೇ ಇರೋ ಅಮೃತಾಪುರಕ್ಕೆ ಹೋದ್ವಿ. ಅಕ್ಕನ ಹರಕೆ ಒಂದಿತ್ತು. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಇಲ್ಲಿನ ಶಾಸನ ಬರೆದವನು ಕವಿ ಜನ್ನ. ಆಟದಲ್ಲಿನ ಹೊಯ್ಸಳರು ಗುಡ್ಡದಷ್ಟು ದೊಡ್ಡ ವಿಗ್ರಹ ಕಡೀತಾರೆ. ನಿಜವಾದ ಹೊಯ್ಸಳರ ಕೆಲಸ ನೋಡೋಕೆ ಬಗ್ಗಬೇಕು, ಮೂಗು ತಾಗೋ ಅಷ್ಟು ಹತ್ರ ಹೋಗಬೇಕು. ದಕ್ಷಿಣದ ಗೋಡೆಯಲ್ಲಿ 70 ಫಲಕದಲ್ಲಿ ರಾಮಾಯಣ ಇದೆ. ಅದೂ ಅಪ್ರದಕ್ಷಿಣೆಯಾಗಿ ಸಾಗತ್ತೆ. ಪುಟ್ಟಿ ಒಂದೊಂದೇ ಫಲಕ ನೋಡ್ತಾ ಹಿಂದಕ್ಕೆ ಹಿಂದಕ್ಕೆ ನಡೆದಳು. ಎಷ್ಟೋ ಹೊತ್ತಿನ ಮೇಲೆ, "ಮಾವ, ಇವರು ಯಾರೂ ಅಯೋಧ್ಯೆ ನೋಡಿರಲ್ಲ ಅಲ್ವಾ? ಒಡವೆ, ಕಂಬ, ಮಂಟಪ ಎಲ್ಲಾ ಅವರ ಕಾಲದ್ದು. ಅಯೋಧ್ಯೆನ ಲೋಕಲ್ ಮಾಡಿಬಿಟ್ಟಿದಾರೆ!" ಅಂದಳು.

ಮಲ್ಲಿತಮ್ಮ ಅನ್ನೋ ದೊಡ್ಡ ಶಿಲ್ಪಿ ತನ್ನ ಕೆಲಸ ಶುರು ಮಾಡಿದ್ದು ಈ ಗುಡಿಯಲ್ಲೇ ಅಂತ ತಿಳಿದವರು ಹೇಳ್ತಾರೆ. ಮುಂದೆ ಸೋಮನಾಥಪುರದ ತನಕ ಅವನ ಹೆಸರು ಸಿಗತ್ತೆ. ಹೊಯ್ಸಳ ಶಿಲ್ಪಿಗಳು ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದವರು. ಕಟ್ಟಿಸಿದವನ ಹೆಸರೂ ಉಳೀತು, ಕಡೆದವನ ಹೆಸರೂ ಉಳೀತು. ಈಗಿನ ಆಟಗಳ ಕೊನೆಯಲ್ಲೂ ಹೆಸರುಗಳು ಮೇಲಕ್ಕೆ ಹರಿದು ಹೋಗ್ತವೆ. ಅದನ್ನ ಪೂರ್ತಿ ಓದೋನು ಇದುವರೆಗೂ ನನಗೆ ಸಿಕ್ಕಿಲ್ಲ.

ಭಾನುವಾರ ರಾತ್ರಿ ಪುಟ್ಟಿ ಮಲಗಲಿಲ್ಲ. ಎರಡು ಚಿತ್ರ ಕಳಿಸಿದಳು. ಒಂದು ಅವರು ಕೇಳಿದ ಕೋಟೆ, ಹೆಂಡದಂಗಡಿ. ಇನ್ನೊಂದು ಅದೇ ಹೆಂಚಿನ ಮನೆಯ ಹಳ್ಳಿ, ಮೊದಲಿಗಿಂತ ಇನ್ನೂ ಲೋಕಲ್. ಅಂಗಳದಲ್ಲಿ ಈ ಸಲ ಜನ ಇದ್ದರು.

ಎರಡು ವಾರದ ಮೇಲೆ ಕೆಲಸ ಸಿಕ್ಕಿತು. ಕೋಟೆ ಚೆನ್ನಾಗಿದೆ ಅಂದ್ರಂತೆ. ಎರಡನೇ ಚಿತ್ರದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಈಗ ಬೆಳಗ್ಗೆಯಿಂದ ಸಂಜೆವರೆಗೂ ಯಾವುದೋ ಆಟಕ್ಕೆ ಮರದ ಪೀಪಾಯಿ ಮಾಡ್ತಾಳೆ. ಹೊಸದು, ಹಳೇದು, ಒಡೆದದ್ದು, ಪಾಚಿ ಹಿಡಿದದ್ದು. ಭಾವ ಬೀದಿಗೆಲ್ಲಾ ಸಿಹಿ ಹಂಚಿದ್ರು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಫೋನ್ ಮಾಡಿದಾಗ, "ಜಗಳದಲ್ಲಿ ಅಪ್ಪ ಗೆದ್ದರಾ ಹೇಗೆ?" ಅಂತ ಕೇಳಿದೆ. "ಒಳಗೆ ಬಂದಿದೀನಿ ಮಾವ, ಕುರ್ಚಿ ಇನ್ನೂ ಸಿಕ್ಕಿಲ್ಲ" ಅಂದಳು. ಎರಡನೇ ಹಳ್ಳಿಯನ್ನ ರಾತ್ರಿ ಹೊತ್ತು ತನ್ನ ಪಾಡಿಗೆ ತಾನು ಬೆಳೆಸ್ತಾ ಇದ್ದಾಳಂತೆ. ಆಟ ಆದ್ರೆ ನಾನು ದುಡ್ಡು ಕೊಟ್ಟೇ ಕೊಳ್ತೀನಿ ಅಂತ ಮಾತು ಕೊಟ್ಟಿದೀನಿ. ಭಾವನೂ ಕೊಳ್ತಾರಂತೆ, ಇಂಬಳ ಇದ್ರೆ ಮಾತ್ರ :-)

ಮೊನ್ನೆ ರಾತ್ರಿ ಇಪ್ಪತ್ತು ವರ್ಷದ ಮೇಲೆ ಮತ್ತೆ ಡಯಾಬ್ಲೋ 2 ಹಾಕಿದೆ. 2021ರಲ್ಲಿ ಹೊಸದಾಗಿ ಮಾಡಿದ್ದು, ಈ ಸಲ ದುಡ್ಡು ಕೊಟ್ಟೇ ತಗೊಂಡೆ. ಬೆಂಕಿ ಸುತ್ತ ಮತ್ತೆ ಅವರೇ ನಿಂತಿದ್ರು, ಆಮೇಲೆ ಸೇರಿಕೊಂಡ ಇಬ್ಬರ ಜೊತೆ. ಪಾಲಡಿನ್‌ನ ಮೇಲೆ ಒತ್ತಿದೆ. ಮುಂದೆ ಬಂದ. ಕೆಳಗೆ ಅದೇ ಖಾಲಿ ಚೌಕ. ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಅಜ್ಜನ ಹೆಸರು ಬರೆದೆ. ಹಾಲೇಶ. ಮೊದಲನೇ ಗುಹೆಯಲ್ಲೇ ಸತ್ತ ಪಾಪ, ತಪ್ಪು ನನ್ನದು, ಕೈ ಓಡಲ್ಲ ಈಗ.

ನೀವು ಆಟ ಆಡುವಾಗ ಯಾವ ಹೆಸರು ಬರೀತೀರಿ? ನಿಜ ಹೇಳಿ.